ಬಂಕ್ ಕೆಳಗಿನ ಅಂತರ್ಜಲಕ್ಕೆ ಪೆಟ್ರೋಲ್ ಸೇರಿದರೆ: ಶುದ್ಧೀಕರಣ ಮತ್ತು ನಿಗಾ, ಹಂತ ಹಂತವಾಗಿ

"ಬಂಕ್‌ನ ಟ್ಯಾಂಕ್ ಸೋರಿದೆ, ಪಕ್ಕದ ಬಾವಿಯ ನೀರಿಗೆ ಪೆಟ್ರೋಲ್ ವಾಸನೆ ಬಂದಿದೆ. ದೊಡ್ಡ ಪಂಪ್ ಇಟ್ಟು ನೀರನ್ನೆಲ್ಲ ಎತ್ತಿ ಹಾಕಿದರೆ ಸರಿಹೋಗುತ್ತದೆಯೇ?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸರಿಹೋಗುವುದಿಲ್ಲ. ಸೋರಿದ ಇಂಧನದಲ್ಲಿ ನೀರಿಗೆ ಕರಗಿರುವುದು ಸ್ವಲ್ಪವೇ. ಹೆಚ್ಚಿನ ಪಾಲು ಮಣ್ಣಿನ ಕಣಗಳ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ ಅಥವಾ ಜಲಮಟ್ಟದ ಮೇಲೆ ತೇಲುತ್ತಿರುತ್ತದೆ. ಅದನ್ನು ಹಾಗೇ ಬಿಟ್ಟು ನೀರು ಮಾತ್ರ ಎತ್ತಿದರೆ, ಎತ್ತಿದಷ್ಟೂ ಹೊಸ ನೀರು ಅದೇ ಇಂಧನವನ್ನು ತೊಳೆದುಕೊಂಡು ಬರುತ್ತದೆ. ಹತ್ತು ವರ್ಷ ಪಂಪ್ ಓಡಿಸಿದರೂ ವರದಿಯ ಅಂಕಿ ಇಳಿಯದ ಜಾಗಗಳಿವೆ. ಕಾರಣ ಬಹುತೇಕ ಇದೇ.

ಈ ಬರಹ ಬಂಕ್ ನಡೆಸುವವರಿಗೆ, ಈ ಕೆಲಸಕ್ಕೆ ಹೊಸದಾಗಿ ಇಳಿದ ಎಂಜಿನಿಯರ್‌ಗಳಿಗೆ, ಬಂಕ್ ಪಕ್ಕದಲ್ಲಿ ಬಾವಿ ಇರುವ ಮನೆಯವರಿಗೆ. ಕೊರೆಯುವುದು, ಟ್ಯಾಂಕ್ ತೆಗೆಯುವುದು, ಯಂತ್ರ ಕೂರಿಸುವುದು ತರಬೇತಿ ಇರುವವರ ಕೆಲಸ. ಆದರೆ ಅವರು ಮಾಡುತ್ತಿರುವುದು ಸರಿಯೇ ಎಂದು ಪಕ್ಕದಲ್ಲಿ ನಿಂತು ನೋಡಿ ಕೇಳುವಷ್ಟು ತಿಳಿವಳಿಕೆ ನಿಮಗಿರಲೇಬೇಕು.

ಮೊದಲು ತಿಳಿದಿರಬೇಕಾದದ್ದು

ಪೆಟ್ರೋಲ್ ಲೀಟರಿಗೆ 0.72ರಿಂದ 0.78 ಕಿಲೋ ತೂಗುತ್ತದೆ, ಡೀಸೆಲ್ 0.82ರಿಂದ 0.86. ಎರಡೂ ನೀರಿಗಿಂತ ಹಗುರ. ಹಾಗಾಗಿ ಸೋರಿದ್ದು ಮಣ್ಣಿನಲ್ಲಿ ಇಳಿಯುತ್ತಾ ಹೋಗಿ ಜಲಮಟ್ಟದ ಬಳಿ ಹರಡಿ ನಿಲ್ಲುತ್ತದೆ. ಇದನ್ನು ಇಲ್ಲಿ ತೇಲುಪದರ ಎಂದು ಕರೆಯೋಣ. ಮಳೆಗಾಲದಲ್ಲಿ ಜಲಮಟ್ಟ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಅದರ ಜೊತೆ ತೇಲುಪದರವೂ ಮೇಲೆ ಕೆಳಗೆ ಓಡಾಡಿ ಅಷ್ಟೆತ್ತರದ ಮಣ್ಣಿಗೆಲ್ಲ ಬಳಿದುಕೊಳ್ಳುತ್ತದೆ. ಹೀಗೆ ಬಳಿದುಕೊಂಡ ಪಟ್ಟಿಗೆ ಲೇಪವಲಯ ಎನ್ನೋಣ. ಶುದ್ಧೀಕರಣದ ನಿಜವಾದ ಯುದ್ಧ ನಡೆಯುವುದು ಇಲ್ಲಿ. ಇನ್ನು ಈ ಇಂಧನದಿಂದ ನೀರಿಗೆ ಕರಗಿ, ನೀರು ಹರಿದ ದಿಕ್ಕಿಗೆ ಉದ್ದಕ್ಕೆ ಚಾಚಿಕೊಳ್ಳುವ ಭಾಗ ಮಾಲಿನ್ಯದ ಹರವು.

ನೀರಿಗೆ ಕರಗಿ ತೊಂದರೆ ಕೊಡುವ ಮುಖ್ಯ ರಾಸಾಯನಿಕಗಳು ನಾಲ್ಕು: ಬೆಂಜೀನ್, ಟಾಲೂಯಿನ್, ಈಥೈಲ್‌ಬೆಂಜೀನ್, ಕ್ಸೈಲೀನ್. ಪ್ರಯೋಗಾಲಯದವರು ಇವುಗಳ ಗುಂಪಿಗೆ ಬಿಟೆಕ್ಸ್ ಎನ್ನುತ್ತಾರೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ ಕ್ರಮವಾಗಿ 10, 700, 300, 500 ಮೈಕ್ರೋಗ್ರಾಂ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು, ಅದಕ್ಕೇ ಅದರ ಮಿತಿ ಅಷ್ಟು ಕಡಿಮೆ. ನಿಮ್ಮಲ್ಲಿ ಕಾನೂನಿನ ಮಿತಿ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಹಿಡಿಯಿರಿ.

ಇದರ ಅರ್ಥ ಏನೆಂದು ಲೆಕ್ಕ ಹಾಕಿ ನೋಡಿ. ತೂಕದಲ್ಲಿ ಶೇಕಡಾ 1ರಷ್ಟು ಬೆಂಜೀನ್ ಇರುವ ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 7.5 ಗ್ರಾಂ ಬೆಂಜೀನ್ ಇರುತ್ತದೆ. ಅಷ್ಟೂ ನೀರಿಗೆ ಸೇರಿದರೆ ಏಳೂವರೆ ಲಕ್ಷ ಲೀಟರ್ ನೀರನ್ನು 10 ಮೈಕ್ರೋಗ್ರಾಂ ಮಿತಿಗೆ ತಂದು ಮುಟ್ಟಿಸುತ್ತದೆ. "ಸ್ವಲ್ಪ ತಾನೇ ಸೋರಿದ್ದು" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇನ್ನೆರಡು ವಸ್ತುಗಳ ಮೇಲೆ ಕಣ್ಣಿಡಿ. ಎಂಟಿಬಿಇ ಎಂಬ ಬೆರಕೆಯನ್ನು ಹಲವು ಕಡೆ ಪೆಟ್ರೋಲ್‌ಗೆ ಸೇರಿಸುತ್ತಿದ್ದರು, ಕೆಲವೆಡೆ ಈಗಲೂ ಸೇರಿಸುತ್ತಾರೆ. ಅದು ಮಣ್ಣಿಗೆ ಅಂಟುವುದಿಲ್ಲ, ನೀರಿನಷ್ಟೇ ವೇಗದಲ್ಲಿ ಹೋಗುತ್ತದೆ. ಆದ್ದರಿಂದ ದೂರದ ಬಾವಿಗೆ ಬೆಂಜೀನ್‌ಗಿಂತ ಮೊದಲು ತಲುಪುವುದು ಅದೇ. ಎಥನಾಲ್ ತಾನಾಗಿ ಅಷ್ಟು ಅಪಾಯಕಾರಿಯಲ್ಲ. ಆದರೆ ಮಣ್ಣಿನ ಬ್ಯಾಕ್ಟೀರಿಯಾ ಮೊದಲು ಅದನ್ನೇ ತಿಂದು ಆಮ್ಲಜನಕವನ್ನು ಮುಗಿಸಿಬಿಡುತ್ತವೆ, ಬೆಂಜೀನ್ ವಿಭಜನೆಯಾಗದೆ ಉಳಿದು ಹರವು ಉದ್ದವಾಗುತ್ತದೆ. ಜೊತೆಗೆ ಮೀಥೇನ್ ಹುಟ್ಟಿ ಆವಿಯ ಅಪಾಯವೂ ಹೆಚ್ಚುತ್ತದೆ.

ಹಂತ 1: ಸೋರಿಕೆ ನಿಲ್ಲಿಸಿ, ಆವಿ ಅಳೆಯಿರಿ

ಅನುಮಾನ ಬಂದ ಟ್ಯಾಂಕ್‌ನಿಂದ ಮಾರಾಟ ನಿಲ್ಲಿಸಿ, ಇಂಧನವನ್ನು ಖಾಲಿ ಮಾಡಿಸಿ. ಟ್ಯಾಂಕ್ ಒಂದನ್ನೇ ದೂರಬೇಡಿ. ಡಿಸ್ಪೆನ್ಸರ್ ಕೆಳಗಿನ ಜೋಡಣೆ, ನೆಲದೊಳಗಿನ ಪೈಪ್ ಲೈನ್, ಇಂಧನ ತುಂಬುವ ಬಾಯಿಯ ಸುತ್ತಲಿನ ಬಟ್ಟಲು, ಟ್ಯಾಂಕ್ ಮೇಲಿನ ಸಂಪ್, ಎಲ್ಲವೂ ಸೋರುತ್ತವೆ. ಟ್ಯಾಂಕ್‌ಗೂ ಪೈಪ್‌ಗೂ ಬೇರೆ ಬೇರೆ ಒತ್ತಡ ಪರೀಕ್ಷೆ ಮಾಡಿಸಿ. ಹಳೆಯ ಡಿಪ್ ಪುಸ್ತಕ, ಅಂದರೆ ದಿನದಿನದ ದಾಸ್ತಾನು ಲೆಕ್ಕ, ಎತ್ತಿಡಿ. ಸೋರಿಕೆ ಯಾವಾಗ ಶುರುವಾಯಿತು, ಎಷ್ಟು ಹೋಗಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಅದೇ ದಿನ ಸುತ್ತಲಿನ ನೆಲಮಾಳಿಗೆ, ಚರಂಡಿ, ಕೇಬಲ್ ಗುಂಡಿ, ಬಾವಿಗಳ ಬಾಯಿಯಲ್ಲಿ ಆವಿ ಅಳೆಯಿಸಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇಕಡಾ 1.4 ಮುಟ್ಟಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ಸ್ಫೋಟಮಾಪಕ ಯಂತ್ರ ಈ ಕೆಳಮಿತಿಯನ್ನೇ ನೂರು ಎಂದು ಇಟ್ಟುಕೊಂಡು ತೋರಿಸುತ್ತದೆ. ಅದರಲ್ಲಿ 10 ಕಂಡರೆ ಕೆಲಸ ನಿಲ್ಲಿಸಿ ಜನರನ್ನು ಹೊರಗೆ ಕಳುಹಿಸಿ, ಗಾಳಿಯಾಡುವಂತೆ ಮಾಡಿ, ಅಗ್ನಿಶಾಮಕ ದಳಕ್ಕೆ ತಿಳಿಸಿ. ಆ ಕೋಣೆಯ ದೀಪದ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕುಳಿತಿರುತ್ತದೆ. ಮೂಗಿನ ಎತ್ತರದಲ್ಲಿ ವಾಸನೆ ಇಲ್ಲ ಎಂದು ಗುಂಡಿಗೆ ಇಳಿಯಬಾರದು.

ಸುತ್ತಲಿನ ಬಾವಿಯವರಿಗೆ ಫಲಿತಾಂಶ ಬರುವವರೆಗೆ ಬೇರೆ ನೀರು ಕೊಡಿ. ಕುದಿಸಿದರೆ ಸಾಕು ಎಂದು ಯಾರೂ ಹೇಳದಿರಲಿ. ಕುದಿಯುವಾಗ ಬೆಂಜೀನ್ ಅಡುಗೆಮನೆಯ ಗಾಳಿಗೆ ಸೇರಿ ಉಸಿರಿನಲ್ಲಿ ಒಳಹೋಗುತ್ತದೆ. ಅದೇ ಕಾರಣಕ್ಕೆ ಆ ನೀರಿನಲ್ಲಿ ಬಿಸಿ ಸ್ನಾನವೂ ಬೇಡ.

ಹಂತ 2: ನಕ್ಷೆ ಮಾಡಿ

ಕಾಗದದ ಮೇಲೆ ಟ್ಯಾಂಕ್, ಪೈಪ್, ಡಿಸ್ಪೆನ್ಸರ್, ಚರಂಡಿ, ಕೇಬಲ್ ಕಂದಕ, ಕಟ್ಟಡ, ಬಾವಿ, ಹಳ್ಳ, ಎಲ್ಲವನ್ನೂ ಅಳತೆಯ ಪ್ರಕಾರ ಗುರುತಿಸಿ. ಹಳೆಯ ಟ್ಯಾಂಕ್ ಹಿಂದೆ ಎಲ್ಲಿತ್ತು ಎಂಬುದನ್ನೂ ಕೇಳಿ ಬರೆಯಿರಿ. ಕಂದಕಗಳನ್ನು ಮರೆಯಬೇಡಿ. ಅವುಗಳಿಗೆ ತುಂಬಿದ ಮರಳು, ಜಲ್ಲಿಯ ಮೂಲಕ ಇಂಧನವೂ ಆವಿಯೂ ಅಂತರ್ಜಲದ ದಿಕ್ಕನ್ನು ಲೆಕ್ಕಿಸದೆ ಪಕ್ಕಕ್ಕೆ ಓಡುತ್ತವೆ.

ಹಂತ 3: ನಿಗಾ ಬಾವಿ ಕೊರೆಸುವುದು

ನಿಗಾ ಬಾವಿ ಎಂದರೆ ಅಳೆಯಲು, ಮಾದರಿ ತೆಗೆಯಲು ಮಾತ್ರ ಇರುವ ಸಣ್ಣ ಕೊಳವೆ. ಕುಡಿಯುವ ನೀರಿನ ಬೋರ್‌ವೆಲ್ ಇದರ ಬದಲಿಗೆ ನಡೆಯುವುದಿಲ್ಲ. ಅದು ಆಳದ ನೀರನ್ನು ಎಳೆಯುತ್ತದೆ, ಮೇಲ್ಪದರದ ಮಾಲಿನ್ಯ ಅದರಲ್ಲಿ ಕಲಸಿ ತೆಳುವಾಗಿ ಕಾಣುತ್ತದೆ.

ಕನಿಷ್ಠ ಮೂರು ಬಾವಿ ಬೇಕು, ಅವು ಒಂದೇ ಸಾಲಿನಲ್ಲಿರಬಾರದು. ತ್ರಿಕೋನವಾಗಿದ್ದರೆ ಮಾತ್ರ ನೀರು ಯಾವ ಕಡೆ ಹರಿಯುತ್ತಿದೆ ಎಂದು ಲೆಕ್ಕ ಹಾಕಬಹುದು. ಒಂದು ಮೇಲ್ಹರಿವಿನ ಕಡೆ, ಒಂದು ಸೋರಿಕೆಯ ಪಕ್ಕ, ಉಳಿದವು ಕೆಳಹರಿವಿನ ಕಡೆ. ದಿಕ್ಕು ಗೊತ್ತಾದ ಮೇಲೆ ಹರವಿನ ತುದಿ ಹಾಗೂ ಎರಡೂ ಪಕ್ಕ ಸಿಗುವವರೆಗೆ ಇನ್ನಷ್ಟು ಬಾವಿಗಳು ಬೇಕಾಗುತ್ತವೆ. ಶುದ್ಧ ಫಲಿತಾಂಶ ಕೊಡುವ ಬಾವಿ ಎಲ್ಲ ಕಡೆಯೂ ಸಿಗದ ಹೊರತು ಹರವನ್ನು ಅಳೆದಂತಾಗುವುದಿಲ್ಲ.

ಸಾಮಾನ್ಯವಾಗಿ 5 ಸೆಂ.ಮೀ. ಅಥವಾ 10 ಸೆಂ.ಮೀ. ವ್ಯಾಸದ ಪಿವಿಸಿ ಪೈಪ್ ಬಳಸುತ್ತಾರೆ. ಕೆಳಭಾಗ ಸೀಳು ಪೈಪ್, ಸೀಳಿನ ಅಗಲ 0.25 ಮಿ.ಮೀ. ಆಸುಪಾಸು. ಅದರ ಸುತ್ತ ತೊಳೆದ ಮರಳು, ಮರಳಿನ ಮೇಲೆ ಅರ್ಧ ಮೀಟರಿಗೂ ಹೆಚ್ಚು ಬೆಂಟೊನೈಟ್ ಮುಚ್ಚಳ, ಅದರ ಮೇಲೆ ಸಿಮೆಂಟ್. ಬೆಂಟೊನೈಟ್ ಎಂದರೆ ನೀರು ಕುಡಿದು ಊದಿಕೊಳ್ಳುವ ಜೇಡಿ. ಮೇಲಿನ ಮಳೆನೀರು ಪೈಪ್ ಪಕ್ಕದಿಂದ ಇಳಿಯದಂತೆ ತಡೆಯುವುದು ಅದೇ.

ಇಲ್ಲಿ ನಾಲ್ಕು ತಪ್ಪುಗಳು ಪದೇ ಪದೇ ಆಗುತ್ತವೆ.

ಮೊದಲನೆಯದು ಎಲ್ಲಕ್ಕಿಂತ ದೊಡ್ಡದು: ಸೀಳು ಪೈಪನ್ನು ಜಲಮಟ್ಟದ ಕೆಳಗೆ ಪೂರ್ತಿ ಮುಳುಗಿಸಿಬಿಡುವುದು. ಆಗ ಮೇಲೆ ತೇಲುವ ಇಂಧನ ಬಾವಿಯೊಳಗೆ ಬರಲು ದಾರಿಯೇ ಇರುವುದಿಲ್ಲ, ವರದಿ ಚೆನ್ನಾಗಿ ಕಾಣುತ್ತದೆ, ಮಣ್ಣಿನಲ್ಲಿ ಇಂಧನ ಹಾಗೇ ಕುಳಿತಿರುತ್ತದೆ. ಮಳೆಗಾಲದ ಅತಿ ಎತ್ತರದ ಮಟ್ಟವೂ ಬೇಸಿಗೆಯ ಅತಿ ಕೆಳಗಿನ ಮಟ್ಟವೂ ಸೀಳುಗಳ ವ್ಯಾಪ್ತಿಯೊಳಗೆ ಬರಬೇಕು. ಎರಡನೆಯದು, ಪೈಪ್ ಜೋಡಿಸಲು ಪಿವಿಸಿ ಗಮ್ ಹಚ್ಚುವುದು. ಅದರ ದ್ರಾವಕ ನೀರಿಗಿಳಿದು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ತಿರುಪು ಜೋಡಣೆಯ ಪೈಪನ್ನೇ ಕೇಳಿ. ಮೂರನೆಯದು, ಟ್ಯಾಂಕ್ ಗುಂಡಿಯ ಜಲ್ಲಿಯೊಳಗೆ ಇಳಿಸಿದ ಕೊಳವೆಯನ್ನು ನಿಗಾ ಬಾವಿಯೆಂದು ಎಣಿಸುವುದು. ಆ ಗುಂಡಿಯಲ್ಲಿ ಮಳೆನೀರು ತೊಟ್ಟಿಯಂತೆ ನಿಂತಿರುತ್ತದೆ, ಅದರ ಮಟ್ಟಕ್ಕೂ ಹೊರಗಿನ ಅಂತರ್ಜಲಕ್ಕೂ ಹೊಂದಿಕೆ ಇಲ್ಲ. ನಾಲ್ಕನೆಯದು ಬಾಯಿ ಮುಚ್ಚಳ. ನೀರು ನುಗ್ಗದ ಬಿರಡೆ, ಬೀಗ, ಬೇರೆ ಬಣ್ಣದ ಗುರುತು ಕಡ್ಡಾಯ. ಟ್ಯಾಂಕರ್‌ನವರು ಇಂಧನ ತುಂಬುವ ಬಾಯಿ ಎಂದುಕೊಂಡು ನಿಗಾ ಬಾವಿಗೆ ಪೈಪ್ ಇಟ್ಟು ಪೆಟ್ರೋಲ್ ಸುರಿದ ಪ್ರಕರಣಗಳಿವೆ.

ಕೊರೆದಾದ ಮೇಲೆ ನೀರು ತಿಳಿಯಾಗುವವರೆಗೆ ಕಲಕಿ ಎತ್ತಿ ಬಾವಿಯನ್ನು ತೊಳೆಯಬೇಕು. ಆಮೇಲೆ ಒಂದು ವಾರವಾದರೂ ಬಿಟ್ಟು ಮೊದಲ ಮಾದರಿ ತೆಗೆಯಿರಿ. ಕೊರೆಯುವಾಗ ಬಂದ ಮಣ್ಣನ್ನು ಒಂದೂವರೆ ಮೀಟರಿಗೊಮ್ಮೆಯಾದರೂ ಆವಿಮಾಪಕದಿಂದ ನೋಡಿ ಆಳದ ಜೊತೆ ಬರೆದಿಡಿ. ಲೇಪವಲಯ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದು ಆ ಪುಟದಲ್ಲೇ ಸಿಗುತ್ತದೆ, ಮುಂದೆ ಯಂತ್ರದ ಆಳ ನಿರ್ಧಾರವಾಗುವುದೂ ಅದರಿಂದಲೇ.

ಹಂತ 4: ಮಟ್ಟ ಅಳೆದು ದಿಕ್ಕು, ವೇಗ ಕಂಡುಕೊಳ್ಳಿ

ಪ್ರತಿ ಬಾವಿಯ ಪೈಪ್ ಅಂಚಿನಲ್ಲಿ ಒಂದು ಕಚ್ಚು ಗುರುತು ಮಾಡಿ. ಆ ಬಿಂದುವಿನ ಎತ್ತರವನ್ನು ಸರ್ವೇಯರ್‌ನಿಂದ ಮೂರು ಮಿ.ಮೀ. ನಿಖರತೆಯಲ್ಲಿ ಅಳೆಯಿಸಿ. ಬಾವಿಗಳ ನಡುವಿನ ಜಲಮಟ್ಟದ ವ್ಯತ್ಯಾಸ ಕೆಲವೇ ಸೆಂಟಿಮೀಟರ್ ಇರುವ ಜಾಗಗಳಲ್ಲಿ, ಎತ್ತರದಲ್ಲಿ ಸ್ವಲ್ಪ ತಪ್ಪಾದರೂ ಹರಿವಿನ ಬಾಣ ಉಲ್ಟಾ ತಿರುಗುತ್ತದೆ.

ಅಳೆಯಲು ಇಂಟರ್‌ಫೇಸ್ ಮೀಟರ್ ಬೇಕು. ಅದರ ತುದಿ ಇಂಧನ ಮುಟ್ಟಿದಾಗ ಒಂದು ಸದ್ದು, ನೀರು ಮುಟ್ಟಿದಾಗ ಇನ್ನೊಂದು ಸದ್ದು ಮಾಡುತ್ತದೆ. ಎರಡೂ ಆಳವನ್ನು ಬರೆಯಿರಿ. ಎಲ್ಲ ಬಾವಿಗಳನ್ನೂ ಒಂದೇ ದಿನ, ಆದಷ್ಟು ಒಂದೆರಡು ಗಂಟೆಯೊಳಗೆ ಅಳೆದು ಮುಗಿಸಿ.

ತೇಲುಪದರವಿರುವ ಬಾವಿಯಲ್ಲಿ ಇಂಧನದ ಭಾರ ನೀರನ್ನು ಕೆಳಗೆ ಒತ್ತಿರುತ್ತದೆ, ಹಾಗಾಗಿ ಮಟ್ಟವನ್ನು ತಿದ್ದಬೇಕು. ಉದಾಹರಣೆಗೆ ಪೈಪ್ ಅಂಚಿನ ಎತ್ತರ 100.00 ಮೀ., ಇಂಧನ ಸಿಕ್ಕಿದ್ದು 5.20 ಮೀ. ಆಳದಲ್ಲಿ, ನೀರು ಸಿಕ್ಕಿದ್ದು 5.60 ಮೀ. ಆಳದಲ್ಲಿ. ಪದರದ ದಪ್ಪ 0.40 ಮೀ. ಇದನ್ನು ಪೆಟ್ರೋಲ್‌ನ ಸಾಂದ್ರತೆ 0.75ರಿಂದ ಗುಣಿಸಿದರೆ 0.30. ನೀರಿನ ಎತ್ತರ 94.40ಕ್ಕೆ ಅದನ್ನು ಕೂಡಿಸಿ: ನಿಜವಾದ ಮಟ್ಟ 94.70 ಮೀ. ಈ ತಿದ್ದುಪಡಿ ಬಿಟ್ಟರೆ ಸೋರಿಕೆ ಜಾಗದಲ್ಲಿ ಇಲ್ಲದ ಹಳ್ಳವೊಂದು ನಕ್ಷೆಯಲ್ಲಿ ಮೂಡಿ, ಸುತ್ತಲಿನ ನೀರೆಲ್ಲ ಒಳಗೇ ಬರುತ್ತಿರುವಂತೆ ಕಾಣುತ್ತದೆ.

ಬಾವಿಯಲ್ಲಿ 40 ಸೆಂ.ಮೀ. ಇಂಧನ ಕಂಡಿತೆಂದು ಮಣ್ಣಿನಲ್ಲೂ ಅಷ್ಟೇ ದಪ್ಪದ ಪದರ ಇದೆಯೆಂದು ಗುಣಾಕಾರ ಹಾಕಬೇಡಿ. ಸಣ್ಣ ಕಣದ ಮಣ್ಣಿನಲ್ಲಿ ಬಾವಿಯ ದಪ್ಪ ನಿಜಕ್ಕಿಂತ ಬಹಳ ಹೆಚ್ಚು ಕಾಣುತ್ತದೆ.

ವೇಗದ ಲೆಕ್ಕ ಸುಲಭ. ಮಣ್ಣಿನ ನೀರು ಹಾಯಿಸುವ ಗುಣ ದಿನಕ್ಕೆ 5 ಮೀ., ಜಲಮಟ್ಟದ ಇಳಿಜಾರು ಸಾವಿರಕ್ಕೆ 4, ಮಣ್ಣಿನ ಸಂದಿಯ ಪಾಲು 0.25 ಎಂದಿಟ್ಟುಕೊಳ್ಳಿ. 5ನ್ನು 0.004ರಿಂದ ಗುಣಿಸಿ 0.25ರಿಂದ ಭಾಗಿಸಿದರೆ ದಿನಕ್ಕೆ 8 ಸೆಂ.ಮೀ., ವರ್ಷಕ್ಕೆ ಸುಮಾರು 29 ಮೀ. ಎಂಟಿಬಿಇ ಹೆಚ್ಚುಕಡಿಮೆ ಇದೇ ವೇಗದಲ್ಲಿ ಹೋಗುತ್ತದೆ, ಬೆಂಜೀನ್ ಸ್ವಲ್ಪ ಹಿಂದೆ ಉಳಿಯುತ್ತದೆ. ಬಿರುಕು ಬಂಡೆಯಲ್ಲಿ ಈ ಲೆಕ್ಕ ನಂಬಬೇಡಿ. ಅಲ್ಲಿ ನೀರು ಬಿರುಕಿನ ದಿಕ್ಕಿಗೆ, ಬಿರುಕಿನ ವೇಗಕ್ಕೆ ಹೋಗುತ್ತದೆ.

ಹಂತ 5: ಮಾದರಿ ತೆಗೆಯುವುದು

ಅತಿ ಹೆಚ್ಚು ಕೆಡುವ ಕೆಲಸ ಇದು. ಬೆಂಜೀನ್ ಗಾಳಿ ಕಂಡರೆ ಹಾರಿಹೋಗುತ್ತದೆ. ಬಾವಿಯಿಂದ ಸೀಸೆಗೆ ಬರುವ ಒಂದು ನಿಮಿಷದಲ್ಲಿ ಅಜಾಗರೂಕರಾದರೆ, ಪ್ರಯೋಗಾಲಯ ಎಷ್ಟೇ ಒಳ್ಳೆಯದಿದ್ದರೂ ಅಂಕಿ ಸುಳ್ಳಾಗುತ್ತದೆ, ಆ ಸುಳ್ಳು ಬಹುತೇಕ ಕಡಿಮೆಯ ಕಡೆಗೇ ಇರುತ್ತದೆ.

ಬೇಕಾದ ಸಾಮಾನು: ಇಂಟರ್‌ಫೇಸ್ ಮೀಟರ್, ನಿಧಾನ ವೇಗದ ಬ್ಲ್ಯಾಡರ್ ಪಂಪ್, ಹರಿಯುವ ನೀರಿನಲ್ಲೇ ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ತೋರಿಸುವ ಮೀಟರ್, ಪ್ರಯೋಗಾಲಯ ಕೊಟ್ಟ 40 ಮಿ.ಲೀ. ಗಾಜಿನ ಸೀಸೆಗಳು, ಐಸ್ ಪೆಟ್ಟಿಗೆ, ಬಾವಿಗೊಂದು ಜೊತೆ ಹೊಸ ಕೈಗವಸು.

ಶುದ್ಧ ಬಾವಿಯಿಂದ ಶುರುಮಾಡಿ ಕೊಳೆ ಹೆಚ್ಚಿರುವ ಬಾವಿಗೆ ಕೊನೆಗೆ ಹೋಗಿ. ಮಾದರಿಗಿಂತ ಮೊದಲು ಮಟ್ಟ ಅಳೆಯಿರಿ. ಕಣ್ಣಿಗೆ ಕಾಣುವ ತೇಲುಪದರ ಇರುವ ಬಾವಿಯಿಂದ ಕರಗಿದ ಬೆಂಜೀನ್‌ಗಾಗಿ ಮಾದರಿ ತೆಗೆಯುವುದೇ ಬೇಡ, ದಪ್ಪ ಬರೆದುಕೊಂಡು ಮುಂದೆ ಹೋಗಿ. ಇಂಧನದ ಒಂದು ಹನಿ ಸೀಸೆಗೆ ಬಿದ್ದರೆ ಆ ಫಲಿತಾಂಶಕ್ಕೆ ಅರ್ಥವಿಲ್ಲ.

ಪಂಪಿನ ಬಾಯಿಯನ್ನು ಸೀಳು ಪೈಪ್ ನಡುವೆ ನಿಲ್ಲಿಸಿ, ನಿಮಿಷಕ್ಕೆ 100ರಿಂದ 500 ಮಿ.ಲೀ. ವೇಗದಲ್ಲಿ ನೀರು ಎಳೆಯಿರಿ. ಬಾವಿಯ ಮಟ್ಟ 10 ಸೆಂ.ಮೀ.ಗಿಂತ ಹೆಚ್ಚು ಕುಸಿದರೆ ವೇಗ ತಗ್ಗಿಸಿ. ಮೂರರಿಂದ ಐದು ನಿಮಿಷಕ್ಕೊಮ್ಮೆ ಮೀಟರ್ ಓದಿ. ಸತತ ಮೂರು ಸಲ ಪಿಎಚ್ 0.1ರೊಳಗೆ, ವಾಹಕತೆ ಶೇಕಡಾ 3ರೊಳಗೆ, ಆಮ್ಲಜನಕ ಶೇಕಡಾ 10ರೊಳಗೆ ನಿಂತರೆ ಮಣ್ಣಿನಿಂದ ಹೊಸ ನೀರು ಬರುತ್ತಿದೆ ಎಂದರ್ಥ. ಆಗ ತುಂಬಿಸಿ.

ಇಂಥ ಪಂಪ್ ಇಲ್ಲದೆ ಬೇಲರ್ ಬಳಸಬೇಕಾದರೆ, ಅಂದರೆ ಹಗ್ಗಕ್ಕೆ ಕಟ್ಟಿದ ತೆಳು ಕೊಳವೆ, ಮೊದಲು ಬಾವಿಯಲ್ಲಿ ನಿಂತ ನೀರಿನ ಮೂರು ಪಟ್ಟು ಎತ್ತಿ ಹಾಕಬೇಕು. 5 ಸೆಂ.ಮೀ. ಪೈಪ್‌ನಲ್ಲಿ ಮೀಟರಿಗೆ ಸುಮಾರು 2 ಲೀಟರ್ ನೀರಿರುತ್ತದೆ. ಬಾವಿಯ ಆಳ 9 ಮೀ., ನೀರು 5.5 ಮೀ.ನಲ್ಲಿದ್ದರೆ 3.5 ಮೀ. ನೀರು, 7 ಲೀಟರ್, ಮೂರು ಪಟ್ಟು 21 ಲೀಟರ್. ಬೇಲರ್ ಅನ್ನು ಧೊಪ್ಪನೆ ಬಿಡಬೇಡಿ, ಮೆಲ್ಲಗೆ ಇಳಿಸಿ. ಎತ್ತಿದ ನೀರನ್ನು ಚರಂಡಿಗೆ ಚೆಲ್ಲದೆ ಡ್ರಮ್‌ನಲ್ಲಿ ತುಂಬಿ ಚೀಟಿ ಅಂಟಿಸಿ.

ಸೀಸೆ ತುಂಬುವಾಗ ಓರೆಯಾಗಿ ಹಿಡಿದು, ನೀರು ಗಾಜಿನ ಗೋಡೆಯ ಮೇಲೆ ಗುಳ್ಳೆ ಏಳದಂತೆ ಜಾರಲಿ. ಬಾಯಿಯಲ್ಲಿ ನೀರು ಉಬ್ಬಿ ನಿಂತಾಗ ಮುಚ್ಚಳ ಜಾರಿಸಿ ಬಿಗಿಮಾಡಿ, ತಲೆಕೆಳಗೆ ಹಿಡಿದು ಬೆರಳಿನಿಂದ ತಟ್ಟಿ ನೋಡಿ. ಗುಳ್ಳೆ ಕಂಡರೆ ಆ ಸೀಸೆ ಬಿಟ್ಟು ಹೊಸದರಲ್ಲಿ ತುಂಬಿ. ಸೀಸೆಯೊಳಗೆ ಮೊದಲೇ ಹಾಕಿರುವ ಹೈಡ್ರೋಕ್ಲೋರಿಕ್ ಆಮ್ಲ ಬ್ಯಾಕ್ಟೀರಿಯಾ ಬೆಂಜೀನ್ ತಿನ್ನದಂತೆ ಕಾಯುತ್ತದೆ, ಆದ್ದರಿಂದ ಉಕ್ಕಿಸಿ ಹೊರಚೆಲ್ಲಬೇಡಿ. ಸುಣ್ಣದಂಶ ಹೆಚ್ಚಿರುವ ನೀರು ಆಮ್ಲದ ಜೊತೆ ನೊರೆ ಬಂದರೆ ಆಮ್ಲವಿಲ್ಲದ ಸೀಸೆ ಬಳಸಿ. ಆಗ 14 ದಿನದ ಬದಲು 7 ದಿನದೊಳಗೆ ಪರೀಕ್ಷೆ ಆಗಬೇಕು. ಎರಡೂ ಸಂದರ್ಭದಲ್ಲಿ ಸೀಸೆ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ, ಹೆಪ್ಪುಗಟ್ಟಬಾರದು.

ಹತ್ತು ಮಾದರಿಗೆ ಒಂದು ಜೋಡಿ ಮಾದರಿ, ಅಂದರೆ ಅದೇ ಬಾವಿಯಿಂದ ಅದೇ ಹೊತ್ತಿಗೆ ಇನ್ನೊಂದು, ತೆಗೆಯಿರಿ. ಪ್ರತಿ ಐಸ್ ಪೆಟ್ಟಿಗೆಯಲ್ಲಿ ಪ್ರಯೋಗಾಲಯದಿಂದಲೇ ಶುದ್ಧ ನೀರು ತುಂಬಿ ಬಂದ, ಎಲ್ಲೂ ತೆರೆಯದ ಒಂದು ಸೀಸೆ ಇರಲಿ. ಅದರಲ್ಲಿ ಬೆಂಜೀನ್ ಕಂಡರೆ ದಾರಿಯಲ್ಲಿ ಸೇರಿದೆ ಎಂದರ್ಥ. ಬಂಕ್‌ನಲ್ಲಿ ಇದು ಸುಲಭವಾಗಿ ಆಗುತ್ತದೆ: ಗಾಳಿ ಬೀಸಿ ಬರುವ ಕಡೆ ಓಡುವ ಜನರೇಟರ್, ಪಕ್ಕದಲ್ಲೇ ಇಂಧನ ತುಂಬಿಸಿಕೊಳ್ಳುವ ವಾಹನ, ದ್ರಾವಕದ ವಾಸನೆಯ ಮಾರ್ಕರ್ ಪೆನ್ನು, ಇಂಧನ ಮುಟ್ಟಿದ ಕೈ. ಬಾವಿ ಬದಲಾಯಿಸುವ ಮುನ್ನ ಮೀಟರ್ ಮತ್ತು ಪಂಪನ್ನು ಸೋಪು ನೀರಿನಲ್ಲಿ ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಿ.

ವರದಿ ಬಂದಾಗ "ಪತ್ತೆಯಾಗಿಲ್ಲ" ಎಂಬ ಪದಕ್ಕೆ ಮೋಸಹೋಗಬೇಡಿ. ಪಕ್ಕದ ಕಾಲಂನಲ್ಲಿ ಪತ್ತೆಮಿತಿ ನೋಡಿ. ಮಾದರಿಯನ್ನು ಐವತ್ತು ಪಟ್ಟು ತೆಳುಮಾಡಿ ಪರೀಕ್ಷಿಸಿದ್ದರೆ ಪತ್ತೆಮಿತಿ 50 ಮೈಕ್ರೋಗ್ರಾಂ ಆಗಿರಬಹುದು. ಆಗ ಬೆಂಜೀನ್ 40 ಇದ್ದರೂ "ಪತ್ತೆಯಾಗಿಲ್ಲ" ಎಂದೇ ಬರುತ್ತದೆ. ಬೆಂಜೀನ್‌ಗೆ 1 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪತ್ತೆಮಿತಿ ಬೇಕೆಂದು ಕೆಲಸ ಕೊಡುವಾಗಲೇ ಬರೆದುಕೊಡಿ.

ಹಂತ 6: ತೇಲುಪದರ ಮತ್ತು ಕೊಳೆ ಮಣ್ಣು ತೆಗೆಯಿರಿ

ಟ್ಯಾಂಕ್ ತೆಗೆಯುವುದಾದರೆ ಅದರ ಸುತ್ತಲಿನ ಮಣ್ಣನ್ನು ಅದೇ ಸಲ ತೆಗೆಸಿಬಿಡಿ. ಗುಂಡಿ ತೆರೆದಿರುವಾಗ ಆಗುವ ಕೆಲಸ ಆಮೇಲೆ ಯಂತ್ರದಿಂದ ವರ್ಷಗಟ್ಟಲೆ ಹಿಡಿಯುತ್ತದೆ. ಲೇಪವಲಯದವರೆಗೂ ತೋಡಬೇಕೆಂದರೆ ಜಲಮಟ್ಟ ಅತಿ ಕೆಳಗಿರುವ ಕಾಲ ನೋಡಿ. ಗುಂಡಿಯ ತಳ ಮತ್ತು ನಾಲ್ಕೂ ಗೋಡೆಯ ಮಣ್ಣು ಪರೀಕ್ಷೆಗೆ ಹೋಗಲಿ, ತೋಡಿದ ಮಣ್ಣು ಮಳೆಗೆ ತೊಯ್ಯದಂತೆ ಒಂದು ಟಾರ್ಪಾಲಿನ ಮೇಲೆ, ಇನ್ನೊಂದರ ಕೆಳಗೆ ಇರಲಿ.

ತೇಲುಪದರಕ್ಕೆ ಸ್ಕಿಮ್ಮರ್ ಒಳ್ಳೆಯದು, ಅದು ಮೇಲಿನ ಇಂಧನವನ್ನಷ್ಟೇ ಎಳೆಯುತ್ತದೆ. ಜಾಗ ದೊಡ್ಡದಿದ್ದರೆ ನಿರ್ವಾತ ಹಾಕಿ ಇಂಧನ, ನೀರು, ಆವಿ ಮೂರನ್ನೂ ಒಟ್ಟಿಗೆ ಎಳೆಯುವ ಯಂತ್ರ ಇಡುತ್ತಾರೆ. ನಿರ್ವಾತ ಟ್ಯಾಂಕರ್ ತರಿಸಿದರೆ ಅದಕ್ಕೆ ಅರ್ಥಿಂಗ್ ಮಾಡದೆ ಪೈಪ್ ಇಳಿಸಬಾರದು. ಹರಿಯುವ ಇಂಧನದಿಂದ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿ ಸಾಕು. ನೀರಿನ ಪಂಪ್ ಹಾಕಿ ಮಟ್ಟವನ್ನು ಬಹಳ ಕೆಳಗೆ ಎಳೆಯುವುದೂ ತಪ್ಪು. ಇಂಧನವೂ ಹಿಂದೆಯೇ ಇಳಿದು, ಕೆಳಗಿನ ಶುದ್ಧ ಮಣ್ಣಿಗೆ ಬಳಿದುಕೊಂಡು ಲೇಪವಲಯ ಇನ್ನಷ್ಟು ದಪ್ಪವಾಗುತ್ತದೆ.

ಎತ್ತಿದ ಮೇಲೆ ಪದರ ಎಷ್ಟು ದಿನಕ್ಕೆ ಮತ್ತೆ ಎಷ್ಟು ದಪ್ಪ ತುಂಬಿತು ಎಂದು ಬರೆಯಿರಿ. ಮಳೆಗಾಲದಲ್ಲಿ ನೀರು ಏರಿ ಇಂಧನ ಮುಳುಗಿ ಸಂದಿಗಳಲ್ಲಿ ಸಿಕ್ಕಿಬೀಳುತ್ತದೆ, ಬಾವಿಯಲ್ಲಿ ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ನೀರಿಳಿದಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಮಳೆಗಾಲದ ಒಂದು ಅಳತೆ ಹಿಡಿದು "ಇಂಧನ ಪೂರ್ತಿ ಹೋಯಿತು" ಎಂದು ಸಹಿ ಹಾಕುವವರನ್ನು ನಂಬಬೇಡಿ.

ಹಂತ 7: ಉಳಿದದ್ದಕ್ಕೆ ವಿಧಾನ ಆರಿಸಿ

ಯಾವ ವಿಧಾನ ಎಂಬುದನ್ನು ಮಣ್ಣು ತೀರ್ಮಾನಿಸುತ್ತದೆ.

ಮರಳು ಮಣ್ಣಿಗೆ ಒಳ್ಳೆಯ ಜೋಡಿ ಇದೆ. ಜಲಮಟ್ಟದ ಮೇಲಿನ ಮಣ್ಣಿನಿಂದ ಆವಿಯನ್ನು ನಿರ್ವಾತದಿಂದ ಎಳೆಯುವುದು, ಜಲಮಟ್ಟದ ಕೆಳಗೆ ಗಾಳಿ ಊದುವುದು. ಊದಿದ ಗಾಳಿ ಬೆಂಜೀನನ್ನು ಆವಿಯಾಗಿ ಮೇಲೆ ತರುತ್ತದೆ, ಜೊತೆಗೆ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಕೊಡುತ್ತದೆ. ಊದುವ ತುದಿ ಮಾಲಿನ್ಯದ ತಳಕ್ಕಿಂತ ಒಂದೂವರೆಯಿಂದ ಮೂರು ಮೀಟರ್ ಕೆಳಗಿರಬೇಕು. ಪ್ರತಿ ಮೀಟರ್ ನೀರಿಗೆ ಸುಮಾರು 0.1 ಬಾರ್ ಒತ್ತಡ ಬೇಕು, ಮಣ್ಣಿನ ತಡೆಗೆ ಇನ್ನೊಂದಿಷ್ಟು. ಹೆಚ್ಚು ಒತ್ತಿದರೆ ಮಣ್ಣು ಸೀಳಿ ಗಾಳಿಯೆಲ್ಲ ಒಂದೇ ಬಿರುಕಿನಲ್ಲಿ ಹೊರಗೆ ಹೋಗುತ್ತದೆ. ತೇಲುಪದರ ಇರುವಾಗ, ಅಥವಾ ಮೇಲಿನಿಂದ ಆವಿ ಎಳೆಯುವ ವ್ಯವಸ್ಥೆ ಇಲ್ಲದೆ, ಗಾಳಿ ಊದಲೇಬಾರದು. ಇಂಧನ ಪಕ್ಕಕ್ಕೆ ಸರಿಯುತ್ತದೆ, ಆವಿ ಪಕ್ಕದ ಮನೆಯ ನೆಲದಡಿ ಸೇರುತ್ತದೆ.

ಜೇಡಿಮಣ್ಣಿನಲ್ಲಿ ಗಾಳಿ ಹರಿಯುವುದಿಲ್ಲ. ಅಲ್ಲಿ ತೋಡಿ ತೆಗೆಯುವುದು ಅಥವಾ ಹೆಚ್ಚಿನ ನಿರ್ವಾತದಲ್ಲಿ ಇಂಧನ, ನೀರು, ಆವಿ ಮೂರನ್ನೂ ಎಳೆಯುವುದು ಉಳಿಯುವ ದಾರಿಗಳು.

ನೀರು ಎತ್ತಿ ಶುದ್ಧೀಕರಿಸುವ ಪದ್ಧತಿಗೂ ಜಾಗವಿದೆ, ಆದರೆ ಹರವು ಕುಡಿಯುವ ಬಾವಿಯ ಕಡೆ ಹೋಗದಂತೆ ಹಿಡಿದು ನಿಲ್ಲಿಸಲು. ಎತ್ತಿದ ನೀರಿಗೆ ಗಾಳಿಗೋಪುರ, ಅಂದರೆ ಮೇಲಿನಿಂದ ಇಳಿಯುವ ನೀರಿಗೆ ಗಾಳಿ ಊದಿ ಬೆಂಜೀನನ್ನು ಹಾರಿಸುವ ಗೋಪುರ, ಅಥವಾ ಆಕ್ಟಿವೇಟೆಡ್ ಕಾರ್ಬನ್, ಅಂದರೆ ರಾಸಾಯನಿಕ ಹೀರುವ ಇದ್ದಿಲು, ಬಳಸುತ್ತಾರೆ. ಇದ್ದಿಲಿನ ಎರಡು ಡ್ರಮ್‌ಗಳು ಒಂದರ ಹಿಂದೆ ಒಂದಿರಲಿ, ಮಾದರಿಯನ್ನು ಎರಡರ ನಡುವಿನಿಂದ ತೆಗೆಯಿರಿ. ಅಲ್ಲಿ ಬೆಂಜೀನ್ ಕಂಡ ದಿನ ಮೊದಲ ಡ್ರಮ್ ಬದಲಾಯಿಸಿ, ಎರಡನೆಯದನ್ನು ಮುಂದಕ್ಕೆ ತನ್ನಿ. ಎಂಟಿಬಿಇಯನ್ನು ಇದ್ದಿಲು ಸರಿಯಾಗಿ ಹಿಡಿಯುವುದಿಲ್ಲ, ಅದಿದ್ದರೆ ಡ್ರಮ್ ಬಹಳ ಬೇಗ ಮುಗಿಯುತ್ತದೆ. ನೀರಿನಲ್ಲಿ ಕಬ್ಬಿಣದಂಶ ಹೆಚ್ಚಿದ್ದರೆ ಗೋಪುರದೊಳಗೆ ಕೆಂಪು ಕೆಸರು ಕಟ್ಟಿ ಗಾಳಿ ನಿಲ್ಲುತ್ತದೆ. ಯಂತ್ರ ಕೊಳ್ಳುವ ಮೊದಲೇ ಕಬ್ಬಿಣ ಪರೀಕ್ಷೆ ಮಾಡಿಸಿ.

ರಾಸಾಯನಿಕ ಚುಚ್ಚುವ ಕೆಲಸಕ್ಕೆ ಎಚ್ಚರ ಬೇಕು. ಹೈಡ್ರೋಜನ್ ಪೆರಾಕ್ಸೈಡ್ ನೆಲದೊಳಗೆ ಬಿಸಿಯನ್ನೂ ಅನಿಲವನ್ನೂ ಹುಟ್ಟಿಸುತ್ತದೆ. ಟ್ಯಾಂಕ್, ಪೈಪ್ ಇನ್ನೂ ಬಳಕೆಯಲ್ಲಿರುವ ಬಂಕ್‌ನಲ್ಲಿ, ತೇಲುಪದರದ ಮೇಲೆ ಅದನ್ನು ಚುಚ್ಚಿಸಬೇಡಿ.

ಕೊನೆಯದು, ಬ್ಯಾಕ್ಟೀರಿಯಾಕ್ಕೆ ಬಿಟ್ಟು ನಿಗಾ ಇಡುವುದು. ಒಂದು ಗ್ರಾಂ ಬೆಂಜೀನನ್ನು ವಿಭಜಿಸಲು ಬ್ಯಾಕ್ಟೀರಿಯಾಕ್ಕೆ ಸುಮಾರು 3 ಗ್ರಾಂ ಆಮ್ಲಜನಕ ಬೇಕು. ಅದು ಮುಗಿದ ಮೇಲೆ ನೈಟ್ರೇಟ್, ಕಬ್ಬಿಣ, ಸಲ್ಫೇಟ್ ಬಳಸಿ ಬ್ಯಾಕ್ಟೀರಿಯಾ ನಿಧಾನವಾಗಿ ಕೆಲಸ ಮುಂದುವರಿಸುತ್ತವೆ. ಹರವಿನ ಒಳಗೆ ಆಮ್ಲಜನಕ, ನೈಟ್ರೇಟ್, ಸಲ್ಫೇಟ್ ಕಡಿಮೆಯಾಗಿ, ಕರಗಿದ ಕಬ್ಬಿಣ, ಮೀಥೇನ್ ಹೆಚ್ಚಾಗಿದ್ದರೆ ಆ ಕೆಲಸ ನಡೆಯುತ್ತಿದೆ. ಮೂಲ ತೆಗೆದು, ಹರವು ಬೆಳೆಯುವುದು ನಿಂತಿದೆ ಎಂದು ತೋರಿಸಿದ ಮೇಲೆ ಇದು ಒಪ್ಪುವ ಆಯ್ಕೆ. ಖರ್ಚು ಉಳಿಸಲು ಮೊದಲ ದಿನವೇ ಈ ದಾರಿ ಹಿಡಿಯುವುದು ಪಕ್ಕದ ಬಾವಿಯವರಿಗೆ ಮಾಡುವ ಅನ್ಯಾಯ.

ಹಂತ 8: ಯಂತ್ರ ಓಡುವಾಗ ಏನನ್ನು ಬರೆಯಬೇಕು

ಓಡಿದ ಗಂಟೆ, ಹರಿವು, ಒತ್ತಡ ಅಥವಾ ನಿರ್ವಾತ, ಹೊರಬರುವ ಆವಿಯ ಸಾಂದ್ರತೆ, ಎತ್ತಿದ ಇಂಧನದ ಲೀಟರ್. ಇವುಗಳಿಂದ ತಿಂಗಳಿಗೆ ಎಷ್ಟು ಕಿಲೋ ಇಂಧನ ನೆಲದಿಂದ ಹೊರಬಂತು ಎಂದು ಲೆಕ್ಕ ಹಾಕಿ. ಎಳೆಯುವ ಬಾವಿಯಲ್ಲಿ 10 ಕಿಲೋಪಾಸ್ಕಲ್ ನಿರ್ವಾತಕ್ಕೆ ನೀರು ಸುಮಾರು ಒಂದು ಮೀಟರ್ ಏರುತ್ತದೆ. ಸೀಳುಗಳು ಮುಳುಗಿದರೆ ಯಂತ್ರ ಸದ್ದು ಮಾಡುತ್ತಿದ್ದರೂ ಮಣ್ಣಿನಿಂದ ಏನೂ ಬರುವುದಿಲ್ಲ. ಹೊರಬರುವ ಪ್ರಮಾಣ ತಳ ಹಿಡಿದಾಗ ಯಂತ್ರವನ್ನು ಕೆಲವು ದಿನ ನಿಲ್ಲಿಸಿ, ಕೆಲವು ದಿನ ಓಡಿಸಿ. ನಿಂತಾಗ ಮಣ್ಣಿನ ಮೂಲೆಗಳಿಂದ ಆವಿ ಹೊರಬಂದು ಸೇರಿಕೊಳ್ಳುತ್ತದೆ.

ಹಂತ 9: ನಿಗಾ, ನಿಲ್ಲಿಸುವ ತೀರ್ಮಾನ, ಬಾವಿ ಮುಚ್ಚುವುದು

ಮೂರು ತಿಂಗಳಿಗೊಮ್ಮೆ ಎಲ್ಲ ಬಾವಿಗಳ ಮಟ್ಟ ಮತ್ತು ಮಾದರಿ. ಪ್ರತಿ ಬಾವಿಗೆ ಒಂದು ಹಾಳೆ, ಅದರಲ್ಲಿ ಬೆಂಜೀನ್ ಗೆರೆಯ ಜೊತೆಗೇ ಜಲಮಟ್ಟದ ಗೆರೆ. ಎರಡನ್ನೂ ಒಟ್ಟಿಗೆ ಎಳೆಯದಿದ್ದರೆ ನೀರು ಏರಿ ತೆಳುವಾದದ್ದನ್ನು ಶುದ್ಧವಾಯಿತೆಂದು ಓದಿಬಿಡುತ್ತೀರಿ. ಬೇಸಿಗೆಯನ್ನು ಬೇಸಿಗೆಗೆ, ಮಳೆಗಾಲವನ್ನು ಮಳೆಗಾಲಕ್ಕೆ ಹೋಲಿಸಿ.

ಕಾಲ ಅಂದಾಜು ಮಾಡುವುದು ಹೀಗೆ. ಒಂದು ಬಾವಿಯಲ್ಲಿ ಬೆಂಜೀನ್ ಎರಡು ವರ್ಷದಲ್ಲಿ 800ರಿಂದ 200ಕ್ಕೆ ಇಳಿದಿದ್ದರೆ ವರ್ಷಕ್ಕೆ ಅರ್ಧವಾಗುತ್ತಿದೆ. ಇದೇ ಗತಿಯಲ್ಲಿ ನಾಲ್ಕು ವರ್ಷಕ್ಕೆ 12.5, ಅಂದರೆ 10ರ ಕೆಳಗೆ ಬರಲು ನಾಲ್ಕು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಇಳಿಕೆ ನಡುವೆ ನಿಂತುಹೋಗಿ ಅಂಕಿ ಸಾವಿರಗಳಲ್ಲೇ ಕುಳಿತಿದ್ದರೆ ಹತ್ತಿರದಲ್ಲಿ ಇಂಧನ ಉಳಿದಿದೆ. ಶೇಕಡಾ 1 ಬೆಂಜೀನ್ ಇರುವ ಪೆಟ್ರೋಲ್ ತಾನು ಮುಟ್ಟಿದ ನೀರಿಗೆ ಲೀಟರಿಗೆ ಸುಮಾರು 20,000 ಮೈಕ್ರೋಗ್ರಾಂವರೆಗೆ ಬಿಡಬಲ್ಲದು. ಆಗ ನಿಗಾ ಮುಂದುವರಿಸುವುದರಲ್ಲಿ ಅರ್ಥವಿಲ್ಲ, ಹಂತ 6ಕ್ಕೆ ಮರಳಿ.

ಮಿತಿ ಮುಟ್ಟಿದ ಮೇಲೆ ಯಂತ್ರ ನಿಲ್ಲಿಸಿ, ಆದರೆ ಕಳಚಿ ಒಯ್ಯಬೇಡಿ. ಯಂತ್ರ ನಿಂತ ಮೇಲೆ ಅಂಕಿ ಮತ್ತೆ ಏರುವುದು ತೀರ ಸಾಮಾನ್ಯ. ಕನಿಷ್ಠ ಒಂದು ವರ್ಷ, ಎಲ್ಲ ಋತುಗಳಲ್ಲೂ, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಿತಿಯೊಳಗೇ ಬಂದರೆ ಪರಿಸರ ಪ್ರಾಧಿಕಾರದ ಮುಂದೆ ಮುಕ್ತಾಯ ಕೇಳಿ. ಪಕ್ಕದ ಬಾವಿಯವರಿಗೂ ಅದೇ ವರದಿಯ ಪ್ರತಿ ಕೊಡಿ.

ಒಪ್ಪಿಗೆ ಸಿಕ್ಕ ಮೇಲೆ ನಿಗಾ ಬಾವಿಗಳನ್ನು ಹಾಗೇ ಬಿಡಬಾರದು. ಮುಂದೆ ಯಾವುದಾದರೂ ಸೋರಿಕೆಯಾದರೆ ಅವೇ ನೇರ ದಾರಿ. ಸಿಮೆಂಟ್ ಮತ್ತು ಬೆಂಟೊನೈಟ್ ಕಲಸಿದ ಗಾರೆಯನ್ನು ತಳದವರೆಗೆ ಇಳಿಸಿದ ಪೈಪಿನಿಂದ, ಕೆಳಗಿನಿಂದ ಮೇಲಕ್ಕೆ ತುಂಬಿಸಿ. ಮೇಲಿನಿಂದ ಸುರಿದರೆ ನಡುವೆ ಟೊಳ್ಳು ಉಳಿಯುತ್ತದೆ. ಮರುದಿನ ಗಾರೆ ಇಳಿದಷ್ಟನ್ನು ಮತ್ತೆ ತುಂಬಿ, ಪೈಪನ್ನು ನೆಲಮಟ್ಟಕ್ಕಿಂತ ಕೆಳಗೆ ಕತ್ತರಿಸಿ ಕಾಂಕ್ರೀಟ್ ಹಾಕಿ. ಪ್ರತಿ ಬಾವಿಗೆ ಎಷ್ಟು ಗಾರೆ ಹಿಡಿಯಿತು ಎಂಬ ಲೆಕ್ಕವನ್ನು ನಕ್ಷೆಯ ಜೊತೆ ಕಡತದಲ್ಲಿ ಇಡಿ.